ಪ್ರಾರ್ಥನೆಯಲ್ಲಿ ಇರದಿದ್ದ ಮೈದುನ

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವಳು ಬಿಟ್ಟುಹೋದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಭಾನುವಾರದ ಫೋನು. ಜಪಾನಿನಲ್ಲಿರುವ ತನ್ನ ತಮ್ಮನಿಗೆ ಪ್ರತಿ ಭಾನುವಾರ ಬೆಳಗ್ಗೆ ಮನೆಯ ಸುದ್ದಿ ಹೇಳುವುದನ್ನು ಹನ್ನೊಂದು ವರ್ಷ ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ.

ಅವಳು ಸುದ್ದಿ ಹೇಳುವ ಬಗೆಯೇ ಬೇರೆ. ಎದುರುಮನೆಯವರು ಗೇಟಿಗೆ ಹಸಿರು ಬಣ್ಣ ಹೊಡೆಸಿದರು ಎಂದರೆ, ಬಣ್ಣ ಒಣಗುವ ಮೊದಲೇ ಅದಕ್ಕೆ ಒರಗಿ ನಿಂತ ಅಂಚೆಯವನ ಬೆನ್ನೂ ಆ ಸುದ್ದಿಯೊಳಗೆ ಬರುತ್ತಿತ್ತು. ನಾನೋ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಒಳಗೆ ಏನು ಬರೆದಿದೆ ಎಂದು ನೋಡದೆ ನಲವತ್ತು ವರ್ಷ ಹಾಳೆಗಳನ್ನು ಹೊಲಿದವನು. ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಎಲ್ಲರೂ ಚೆನ್ನಾಗಿದಾರೆ." ಆತನೂ "ಸರಿ ಭಾವ" ಎಂದು ಫೋನು ಇಡುತ್ತಿದ್ದ.

ಮಗಳು ಇದನ್ನು ಕೇಳಿ ಕೇಳಿ ಒಂದು ದಿನ ಅಂದಳು, "ಅಪ್ಪಾ, ಇದು ಫೋನು, ತಂತಿ ಅಲ್ಲ. ಇನ್ನೆರಡು ಮಾತು ಆಡಿದ್ರೆ ಯಾರೂ ಬೈಯಲ್ಲ."

ಮಾತು ಹೊರಡದಿರಲು ಕಾರಣವಿತ್ತು. ಮೈದುನ ಹದಿನೆಂಟರ ಹುಡುಗನಾಗಿದ್ದಾಗ ಕೆಲಸ ಕಲಿಯಲು ನನ್ನ ಬಳಿ ಬಂದಿದ್ದ. ಕೈಯಲ್ಲಿ ಸೂಜಿ ಹಿಡಿದೇ ನಿದ್ದೆ ಹೋಗುತ್ತಿದ್ದನಾದ್ದರಿಂದ ನಾವು ಅವನಿಗೆ ತೂಕಡಿಕೆ ಎಂದೇ ಹೆಸರಿಟ್ಟೆವು. ಎರಡು ವರ್ಷ ಕಲಿಸಿದೆ. ಗ್ರಂಥಾಲಯವೊಂದರಿಂದ ನಾನೂರು ಸಂಪುಟಗಳು ಬಂದು ಬಿದ್ದ ವಾರವೇ, ಅಂಟಿನ ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ ಇಟ್ಟು ಹೇಳದೆ ಕೇಳದೆ ಹೊರಟುಹೋದ. ಅಲ್ಲಿ ಇಲ್ಲಿ ಅಲೆದು ಕೊನೆಗೆ ಜಪಾನು ಸೇರಿದ. ವೃದ್ಧರ ಆಶ್ರಮವೊಂದರಲ್ಲಿ ಅಜ್ಜಂದಿರಿಗೆ ಸ್ನಾನ ಮಾಡಿಸುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಆತ ತಪ್ಪಾಯಿತು ಎನ್ನಲಿಲ್ಲ, ನಾನು ಹೋಗಲಿ ಬಿಡು ಎನ್ನಲಿಲ್ಲ.

ಆದರೆ ಫೋನು ಇಟ್ಟ ಮೇಲೆ ನನ್ನವಳು ಪ್ರತಿ ಸಲವೂ ಬಂದು ಹೇಳುತ್ತಿದ್ದಳು, "ಭಾವನ ಮಂಡಿ ನೋವು ಹೇಗಿದೆ ಅಂತ ಕೇಳ್ದ." ನಾನು ತಲೆ ಎತ್ತದೆ "ಹ್ಞೂಂ" ಎನ್ನುತ್ತಿದ್ದೆ. ಎದೆಯೊಳಗೆ ಮಾತ್ರ ಏನೋ ಒಂದಿಷ್ಟು ಸಡಿಲವಾಗುತ್ತಿತ್ತು.

ಕಳೆದ ಭಾನುವಾರ "ಎಲ್ಲರೂ ಚೆನ್ನಾಗಿದಾರೆ" ಮುಗಿದ ಮೇಲೂ ಆತ ಫೋನು ಇಡಲಿಲ್ಲ.

"ಭಾವ, ಒಂದು ಮಾತು ಕೇಳ್ಲಾ? ಅಕ್ಕ ಹೋದ್ಮೇಲೂ ನನ್ನ ಹೆಸರು ಹೇಳ್ತಿದೀರಾ?"

"ಎಲ್ಲಿ?"

"ಪ್ರಾರ್ಥನೇಲಿ. ದಿನಾ ಬೆಳಗ್ಗೆ ದೇವರ ಮುಂದೆ ಕೂತಾಗ ನನ್ನ ಹೆಸರು ಹೇಳ್ತೀರಂತಲ್ಲ. ಅಕ್ಕ ವಾರವಾರವೂ ಹೇಳೋಳು. ಇಲ್ಲಿಗೆ ಬಂದ ಮೊದಲನೇ ವರ್ಷ ನಂಗೆ ಭಾಷೆ ಬರ್ತಿರ್ಲಿಲ್ಲ. ನೀರು ಬಿಸಿ ಜಾಸ್ತಿ ಆಯ್ತು ಅಂತ ಒಬ್ಬ ಅಜ್ಜ ಬೈದ್ರು, ಸಾಕಪ್ಪಾ ಅಂತ ಪೆಟ್ಟಿಗೆ ಕಟ್ಟಿದ್ದೆ. ಆಮೇಲೆ ಅನ್ನಿಸ್ತು, ಅಲ್ಲಿ ಭಾವ ನನಗೋಸ್ಕರ ಬೇಡ್ಕೊಳ್ತಿದಾರೆ, ಈ ಸಲಾನೂ ಅರ್ಧಕ್ಕೆ ಬಿಟ್ಟು ಓಡಿದ್ರೆ ಹೇಗೆ ಅಂತ. ಪೆಟ್ಟಿಗೆ ಬಿಚ್ಚಿದೆ."

ನನ್ನ ಪ್ರಾರ್ಥನೆಯಲ್ಲಿ ಹೆತ್ತವರಿದ್ದರು, ಮಗಳು ಅಳಿಯ ಇದ್ದರು, ದಾರ ತಂದುಕೊಡುವ ಮುದುಕನೂ ಇದ್ದ. ಇವನು ಒಂದು ದಿನವೂ ಇರಲಿಲ್ಲ. ಒಂದು "ಹ್ಞೂಂ" ಅಂದಿದ್ದರೆ ಅವಳ ಮಾತೂ ಉಳಿಯುತ್ತಿತ್ತು, ಅವನ ಧೈರ್ಯವೂ ಉಳಿಯುತ್ತಿತ್ತು. ಆದರೆ ನಡುವೆ ದೇವರಿದ್ದ.

"ಇಲ್ಲ ಕಣೋ," ಎಂದೆ. "ಒಂದು ದಿನಾನೂ ಹೇಳಿಲ್ಲ. ಅದು ನಿಮ್ಮಕ್ಕ ಕಟ್ಟಿದ ಮಾತು."

ಆ ಕಡೆ ಎಲ್ಲೋ ನೀರು ಸುರಿಯುತ್ತಿತ್ತು. ಇವನು ನನಗೆ ನೆಂಟನಾದದ್ದು ಅವಳಿಂದ. ಅವಳೂ ಇಲ್ಲ, ಈಗ ಅವಳ ಮಾತನ್ನೂ ನಾನೇ ಸುಳ್ಳು ಮಾಡಿದೆ. ಇನ್ನು ಮುಂದಿನ ಭಾನುವಾರ ಇವನು ಯಾಕೆ ಫೋನು ಎತ್ತುತ್ತಾನೆ ಎಂದುಕೊಂಡೆ. ತಡೆಯಲಾರದೆ ಅಂದೆ, "ನೀನಾದ್ರೂ ವಾರವಾರ ನನ್ನ ಮಂಡಿ ವಿಚಾರಿಸ್ದೆ. ನಾನು ಅಷ್ಟೂ ಮಾಡ್ಲಿಲ್ಲ."

"ಮಂಡಿನಾ? ಯಾರ ಮಂಡಿ?"

"ನನ್ನದು."

"ನಿಮಗೆ ಮಂಡಿ ನೋವಾ ಭಾವ? ಯಾವಾಗಿಂದ?"

ಹಾಗಾದರೆ ಅದೂ ಅವಳೇ ಕಟ್ಟಿದ ಮಾತು. ಮೊದಲು ನಕ್ಕವನು ಅವನು. ಆಮೇಲೆ ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಿಂದ ನೀರು ಸುರಿಯುತ್ತಿದ್ದುದನ್ನು ಕಂಡು, ಒಳಗಿನಿಂದ ಓಡಿಬಂದ ಮಗಳು ಗಾಬರಿಯಾಗಿ ಬಾಗಿಲಲ್ಲೇ ನಿಂತಳು. ನಾಲ್ಕು ತಿಂಗಳಲ್ಲಿ ಅಳುವುದೂ ನನಗೆ ಸರಿಯಾಗಿ ಬಂದಿರಲಿಲ್ಲ.

"ನಿಮ್ಮ ಕೆಲಸ ಕಲ್ತಿದ್ದು ನಾನಲ್ಲ ಭಾವ, ಅಕ್ಕ," ಎಂದ ಮೈದುನ. "ಹನ್ನೊಂದು ವರ್ಷ ಹೊಲಿದ್ಲು. ಹೊಲಿಗೆ ಹೊರಗೆ ಕಾಣ್ಲೇ ಇಲ್ಲ ನೋಡಿ."

"ನಿನ್ನ ಹೊಲಿಗೆ ಮಾತ್ರ ಬೀದಿಯ ಆ ತುದಿಗೂ ಕಾಣೋದು."

"ಸರಿ ಸರಿ. ಯಾವ ಮಂಡಿ? ಎಡಾನೋ ಬಲಾನೋ?" ಅವನ ದನಿ ಈಗ ಕೆಲಸದವನ ದನಿಯಾಗಿತ್ತು. ಎಷ್ಟು ಅಜ್ಜಂದಿರ ಮಂಡಿ ನೋಡಿದವನು!

"ಎರಡೂ. ನಾನೂರು ಸಂಪುಟ ನೆಲದ ಮೇಲೆ ಕೂತು ಒಬ್ಬನೇ ಕಟ್ಟಿದ್ನಲ್ಲ."

"ತಪ್ಪಾಯ್ತು ಭಾವ," ಎಂದ. "ಇವತ್ತಿಂದ ಬಿಸಿನೀರಿನ ಬಟ್ಟೆ ಇಡಿ. ಬರೋ ಭಾನುವಾರ ಹೇಗಿದೆ ಅಂತ ಹೇಳ್ಬೇಕು. ಚೆನ್ನಾಗಿದೆ ಅಂದ್ರೆ ನಾನು ಒಪ್ಪಲ್ಲ."

ಮಾರನೆಯ ಬೆಳಗ್ಗೆ ಪ್ರಾರ್ಥನೆಗೆ ಕುಳಿತೆ. ಹೆತ್ತವರಾದರು, ಅವಳಾದಳು, ಮಗಳು ಅಳಿಯ ಆದರು. ಆಮೇಲೆ ಅವನ ಸರದಿ. ನಾಮಕರಣದಲ್ಲಿ ಇಟ್ಟ ಹೆಸರು ನಾಲಿಗೆಗೆ ಬರಲೇ ಇಲ್ಲ. "ತೂಕಡಿಕೆಯನ್ನು ಕಾಪಾಡಪ್ಪಾ" ಎಂದುಬಿಟ್ಟೆ. ತಿದ್ದಲು ಹೋಗಲಿಲ್ಲ. ಅವಳು ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಗಿದೆ, ತೂಕಡಿಕೆ ಯಾರು ಎಂದು ಇಷ್ಟರೊಳಗೆ ದೇವರಿಗೆ ಹೇಳದೆ ಇರುವವಳಲ್ಲ.

ಗೋಡೆ ಹಿಡಿದು ಎದ್ದು ಕಿಟಕಿಯ ಬಳಿ ಹೋಗಿ ನಿಂತೆ. ಭಾನುವಾರಕ್ಕೆ ಇನ್ನೂ ಆರು ದಿನವಿತ್ತು. ಎದುರುಮನೆಯಾಕೆ ಗೇಟಿನ ಬಳಿ ಅಂಚೆಯವನೊಂದಿಗೆ ಏನೋ ವಾದ ಮಾಡುತ್ತಿದ್ದಳು. ಏನೆಂದು ಕೇಳಿಸಲೆಂದು ಕಿಟಕಿಯನ್ನು ಇನ್ನಷ್ಟು ತೆರೆದೆ.