ಬಲೂನಿನ ಕ್ಷೌರ

"ತಪ್ಪು ನನ್ನದೇ ಅಂತ ಬರ್ಕೊಳ್ಳಿ," ಅಂದಳು ಟೀಚರ್. "ನಾನೇ ಓಡಿಸ್ತಿದ್ದೆ, ನಾನೇ ಗುದ್ದಿದೆ. ಅಷ್ಟಕ್ಕೆ ಮುಗಿಯೋದಾದ್ರೆ ಮುಗಿಸಿಬಿಡಿ."

ವಕೀಲೆ ಪೆನ್ನು ಎತ್ತಿಕೊಳ್ಳಲಿಲ್ಲ. ನೆಗಡಿಯಿಂದ ಕೆಂಪಾದ ಮೂಗನ್ನು ಕರವಸ್ತ್ರದಲ್ಲಿ ಒತ್ತಿಕೊಂಡು, ಎದುರಿಗೆ ಕೂತ ಗಂಡ ಹೆಂಡತಿಯನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಹೆಂಡತಿ ಯಾರಾದರೂ ಎಬ್ಬಿಸಿದರೆ ಎದ್ದು ಹೋಗಲು ತಯಾರಾದವಳಂತೆ ಕುರ್ಚಿಯ ತುದಿಗೆ ಕೂತಿದ್ದಳು. ಗಂಡ ಹಿಂದಕ್ಕೆ ಒರಗಿ, ಕೊರಳನ್ನು ಹಕ್ಕಿಯ ಹಾಗೆ ತಿರುಗಿಸಿ ತಿರುಗಿಸಿ ಕಪಾಟಿನ ಪುಸ್ತಕಗಳನ್ನು ನೋಡುತ್ತಿದ್ದ. ಅವನ ಎಡಗಣ್ಣಿನ ಮೇಲೆ ಹತ್ತಿಯ ಪಟ್ಟಿ ಇತ್ತು. ಅದರ ಕೆಳಗೆ ಈಗ ಕಣ್ಣಿರಲಿಲ್ಲ.

ವಕೀಲೆ ಅವಸರವಿಲ್ಲದೆ ಬಿಡಿಸಿ ಹೇಳಿದಳು. ಇವರ ಮುಂದೆ ಎರಡು ದಾರಿ ಇದ್ದವು. ಒಂದು, ಅಪಘಾತದ ವಿಮೆ. ಓಡಿಸುವವಳ ಅಜಾಗ್ರತೆಯಿಂದ ಪಕ್ಕದಲ್ಲಿ ಕೂತವನ ಕಣ್ಣು ಹೋಯಿತು ಅಂತ ಒಪ್ಪಿಕೊಂಡರೆ ವಿಮೆಯವರು ಹೆಚ್ಚು ತಕರಾರಿಲ್ಲದೆ ಕೊಡುತ್ತಾರೆ. ಇನ್ನೊಂದು, ಕಾರು ಮಾಡಿದ ಕಂಪನಿಯ ಮೇಲೆಯೇ ದಾವೆ. ಏರ್‌ಬ್ಯಾಗನ್ನು ಊದಿಸುವ ಗಾಳಿ ಹುಟ್ಟುವುದು ಒಂದು ಲೋಹದ ಡಬ್ಬಿಯಲ್ಲಿ. ಚೀಲ ಉಬ್ಬಬೇಕು, ಡಬ್ಬಿ ಅಲುಗಬಾರದು. ಇವರ ಕಾರಿನಲ್ಲಿ ಡಬ್ಬಿಯೇ ಒಡೆದು ಚೂರು ಹಾರಿತ್ತು. ಆ ಮಾದರಿಯ ಕಾರುಗಳಲ್ಲಿ ಈ ದೋಷ ಇದೆಯೆಂದು ಕಂಪನಿಗೆ ಮೊದಲೇ ಗೊತ್ತಾಗಿ, ಬಿಟ್ಟಿಯಾಗಿ ಬದಲಿಸಿ ಕೊಡುತ್ತೇವೆಂದು ಗಾಡಿಗಳನ್ನು ವಾಪಸ್ ಕರೆದೂ ಇತ್ತು. ಆದರೆ ಕರೆ ಹೋಗಿದ್ದು ಮೊದಲ ಮಾಲೀಕರಿಗೆ. ಅಷ್ಟರಲ್ಲಿ ಕಾರು ಕೈಯಿಂದ ಕೈಗೆ ದಾಟಿ ಇವರ ಮನೆಗೆ ಬಂದಿತ್ತು.

"ಎರಡೂ ಹಾಕೋಕಾಗಲ್ವಾ?" ಅಂತ ಕೇಳಿದಳು ಟೀಚರ್.

"ಅಲ್ಲಿ ತಪ್ಪು ನನ್ನದು ಅಂದವರು ಇಲ್ಲಿ ಬಂದು ತಪ್ಪು ನಿಮ್ಮದು ಅಂದ್ರೆ ಯಾರು ನಂಬ್ತಾರಮ್ಮ? ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಗುತ್ತೆ. ಮೊದಲನೇ ದಾರಿ ಬೇಗ ಮುಗಿಯುತ್ತೆ. ಆದ್ರೆ ಅಜಾಗ್ರತೆ ಅಂತ ಬರೆದದ್ದು ಅಳಿಸೋಕೆ ಬರಲ್ಲ. ನೀವು ಡ್ರೈವಿಂಗ್ ಕಲಿಸೋರು, ನಾಳೆ ಆ ಲೈಸೆನ್ಸಿಗೂ ಕುತ್ತು ಬರಬಹುದು. ಎರಡನೇದು ಯಾವಾಗ ಮುಗಿಯುತ್ತೆ ಅಂತ ನಾನು ಹೇಳಲಾರೆ. ದಾವೆ ಹಾಕೋಕೆ ಗಡುವಿದೆ, ಬಹಳ ದಿನ ಯೋಚನೆ ಮಾಡ್ತಾ ಕೂರಬೇಡಿ."

ಗಂಡ ಆಗಷ್ಟೇ ಪುಸ್ತಕಗಳಿಂದ ಮುಖ ತಿರುಗಿಸಿ, "ಯೋಚನೆ ಮಾಡಿ ಬರ್ತೀವಿ," ಅಂದ. ತಪ್ಪು ನಿನ್ನದಲ್ಲ ಅಂತ ಅವನು ಅಲ್ಲೂ ಹೇಳಲಿಲ್ಲ. ಟೀಚರ್ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.

ಅವಳನ್ನು ಬೀದಿಯವರೆಲ್ಲ ಟೀಚರ್ ಅಂತಲೇ ಕರೆಯುತ್ತಿದ್ದರು. ಕಲಿಸುತ್ತಿದ್ದದ್ದು ಕ್ಲಚ್ಚು, ಗೇರು, ತಿರುವು. ಸ್ಟೇರಿಂಗ್ ಮುಟ್ಟಲು ನಡುಗುವವರು ಅವಳ ಹತ್ತಿರ ಬಂದು ವಾರಗಳಲ್ಲಿ ಪೇಟೆಯ ಗದ್ದಲದೊಳಗೆ ನುಗ್ಗಿ ಹೊರಬರುತ್ತಿದ್ದರು. "ನನ್ನ ಸೊಸೆ ಕಲಿಸಿದರೆ ಕಲ್ಲುಗುಂಡೂ ರಿವರ್ಸ್ ಹೋಗುತ್ತೆ," ಅಂತ ಅತ್ತೆ ನೆರೆಹೊರೆಯಲ್ಲಿ ಕೊಚ್ಚಿಕೊಳ್ಳುವುದಿತ್ತು.

ಆ ದಿನ ಅವರು ಹೊರಟದ್ದು ಗಂಡನ ಕಟಿಂಗ್ ಶಾಪಿಗೆ ಹಳೆಯ ಕುರ್ಚಿಯೊಂದನ್ನು ನೋಡಿ ಬರಲು. ಓಣಿಯಲ್ಲಿ ನಾಯಿಯೊಂದು ಗೋಡೆಯ ಸಂದಿಯಿಂದ ಚಂಗನೆ ಅಡ್ಡ ಬಂತು. ಟೀಚರ್ ತಪ್ಪಿಸಿದಳು, ಬ್ರೇಕ್ ಒತ್ತಿದಳು. ಕಾರು ಮಣ್ಣಿನಲ್ಲಿ ಜಾರಿ ಒಂದು ಗೇಟಿನ ಕಂಬಕ್ಕೆ ಹೋಗಿ ತಾಗಿತು. ಅಷ್ಟು ಏಟಿಗೆ ತೊಟ್ಟಿಲಿನ ಮಗುವೂ ಏಳುತ್ತಿರಲಿಲ್ಲ. ಆಮೇಲೆ ಸಿಡಿಲು ಬಡಿದಂಥ ಸದ್ದು. ಬಿಳಿ ಹೊಗೆ, ಸುಟ್ಟ ಮದ್ದಿನ ವಾಸನೆ. ಅವಳ ಮುಂದಿನ ಚೀಲ ಹೇಗೆ ಉಬ್ಬಬೇಕೋ ಹಾಗೆ ಉಬ್ಬಿ ಕುಸಿದಿತ್ತು. ಅವನ ಮುಂದಿನದು ಚಿಂದಿಯಾಗಿ ನೇತಾಡುತ್ತಿತ್ತು. ಅವನು ಕೂಗಲಿಲ್ಲ. ಕೈಯಿಂದ ಮುಖ ಮುಚ್ಚಿಕೊಂಡು, "ನಿಂಗೇನಾಯ್ತು?" ಅಂತ ಕೇಳಿದ.

ನಾಯಿ ಬದುಕಿತು. ಕಾರಿನ ದೀಪದ ಗಾಜು ಕೂಡ ಒಡೆದಿರಲಿಲ್ಲ.

ಆಸ್ಪತ್ರೆಯ ಹೊರಗೆ ಅತ್ತೆ, "ಊರಿಗೆಲ್ಲ ಕಲಿಸೋಳು ಗಂಡನ್ನ ಕೂರಿಸ್ಕೊಂಡಾಗಲೇ ಮರೆತಳಾ?" ಅಂದುಬಿಟ್ಟರು. ಸಂಕಟದಲ್ಲಿ ಬಂದ ಮಾತು, ಸಂಜೆಯ ಹೊತ್ತಿಗೆ ಅವರೇ ಸೊಸೆಗೆ ಒತ್ತಾಯ ಮಾಡಿ ಟೀ ಕುಡಿಸಿದರು. ಆದರೆ ಆಡಿದ ಮಾತು, ಒಡೆದ ಮುತ್ತು. ಡ್ರೈವಿಂಗ್ ಸ್ಕೂಲಿನ ಮಾಲೀಕ ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಂದ. ಕಲಿಯಲು ಹೆಸರು ಕೊಟ್ಟವರು ಬೇರೆ ಟೀಚರ್ ಇದ್ದಾರಾ ಅಂತ ವಿಚಾರಿಸಿದರಂತೆ. ಗಂಡ ಮಾತ್ರ ಒಳ್ಳೆಯದನ್ನೂ ಅನ್ನಲಿಲ್ಲ, ಕೆಟ್ಟದ್ದನ್ನೂ ಅನ್ನಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಮನೆಯಲ್ಲಿ ಮಾತಾಡುವುದೇ ಕಷ್ಟವಾಯಿತು. ನಮ್ಮ ಮಾತಿನಲ್ಲಿ ಕಣ್ಣಿಲ್ಲದ ಜಾಗವೇ ಇಲ್ಲ ಅನ್ನುವುದು ಅವರಿಗೆ ಆಗ ತಿಳಿಯಿತು. ಕಣ್ಣಿಗೆ ಬಿದ್ದ, ಕಣ್ಣು ತಪ್ಪಿಸಿದ, ಕಣ್ಣು ಹಾಯಿಸು, ಕಣ್ಣಿಗೆ ನಿದ್ದೆಯಿಲ್ಲ. ಬಾಯಿ ತೆರೆದರೆ ಒಂದು ಕಣ್ಣು ಜಾರಿ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅವನು ಲೋಟದಿಂದ ಬೆರಳಗಲ ಆಚೆ ಟೀ ಸುರಿದಾಗ ಅತ್ತೆ ಹಳೇ ಅಭ್ಯಾಸದಲ್ಲಿ, "ಕಣ್ಣು ಕಾಣಲ್ವೇನೋ ನಿಂಗೆ?" ಅಂದರು. ಅಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವನು ಮೇಜು ಒರೆಸುತ್ತ, "ಅರ್ಧ ಕಾಣುತ್ತಮ್ಮ," ಅಂದ. ಅತ್ತೆ ಅತ್ತುಕೊಂಡೇ ನಕ್ಕರು. ಟೀಚರಿಗೆ ಎರಡೂ ಬರಲಿಲ್ಲ.

ಅವನು ಅಂಗಡಿಯ ಬಾಗಿಲು ತೆಗೆದ. ಕತ್ತರಿ ಕೆಲಸಕ್ಕೆ ಹಳೇ ಗಿರಾಕಿಗಳು ಕೂತರು. ಗಡ್ಡಕ್ಕೆ ಕತ್ತಿ ಹಿಡಿದರೆ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗುತ್ತಿತ್ತು. ಒಬ್ಬನಿಗೆ ಬಸ್ಸು, ಇನ್ನೊಬ್ಬನಿಗೆ ಹಲ್ಲುನೋವು. ಅವನು ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ಒಂದೇ ಕಣ್ಣಿಗೆ ದೂರ ಹತ್ತಿರದ ಲೆಕ್ಕ ಸಿಗುವುದಿಲ್ಲ. ಕತ್ತಿ ಕೆನ್ನೆಗೆ ತಾಗಿತು ಅನ್ನಿಸಿದಾಗ ಇನ್ನೂ ಗಾಳಿಯಲ್ಲೇ ಇರುತ್ತಿತ್ತು, ಗಾಳಿಯಲ್ಲಿದೆ ಅನ್ನಿಸಿದಾಗ ತಾಗಿರುತ್ತಿತ್ತು. ಕೆಲಸ ಕಲಿಯುವಾಗ ಅವನ ಗುರು ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಒಡೆಯದ ಹಾಗೆ ಹೆರೆಯಲು ಹಚ್ಚುತ್ತಿದ್ದನಂತೆ. ನಲವತ್ತು ದಾಟಿದ ಮೇಲೆ ಅವನು ಮತ್ತೆ ಬಲೂನು ತಂದ.

ವಕೀಲೆಯ ಹತ್ತಿರ ಹೋಗಿಬಂದ ಕೆಲವು ದಿನಕ್ಕೆ, ಮಧ್ಯಾಹ್ನ ಊಟವಾದ ಮೇಲೆ, ಅವನು ಹೊರಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು ಬಲೂನಿನ ಕ್ಷೌರ ಮಾಡುತ್ತಿದ್ದ. ಟೀಚರ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಲೂನು ಢಬ್ಬೆಂದು ಒಡೆಯಿತು.

"ಹೋಯ್ತು," ಅಂತ ಅವನು ತನ್ನಷ್ಟಕ್ಕೆ ನಕ್ಕ. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಎದ್ದು ಹೋಗಿ ನೋಡಿದರೆ ಅವಳು ಸಿಂಕಿನ ಕೆಳಗೆ ನೆಲದ ಮೇಲೆ ಮುದುಡಿ ಕೂತಿದ್ದಳು. ಎರಡೂ ತೋಳುಗಳಲ್ಲಿ ತಲೆ ಮುಚ್ಚಿಕೊಂಡಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಅವನು ನಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕೂತ. ಮುಟ್ಟಿದರೆ ಬೆಚ್ಚುತ್ತಾಳೇನೋ ಅಂತ ಸ್ವಲ್ಪ ಹೊತ್ತು ಮುಟ್ಟಲಿಲ್ಲ.

"ಯಾವಾಗಿಂದ ಹೀಗೆ?" ಅಂತ ಕೇಳಿದ.

ಅವಳು ತುಂಡು ತುಂಡಾಗಿ ಹೇಳಿದಳು. ಬಾಗಿಲು ಗಾಳಿಗೆ ಬಡಿದರೂ ಹೀಗೆ, ಕುಕ್ಕರ್ ಕೂಗಿದರೂ ಹೀಗೆ. ಸ್ಕೂಲಿನ ಮಾಲೀಕ ವಿಶ್ರಾಂತಿ ಅಂದಾಗ ಒಳಗೊಳಗೇ ಬದುಕಿದೆ ಅನ್ನಿಸಿತ್ತು. ಒಮ್ಮೆ ಸ್ಕೂಲಿನ ಕಾರಿನ ಬಾಗಿಲ ತನಕ ಹೋಗಿ, ಹಿಡಿಕೆ ಮುಟ್ಟಿ, ತಿರುಗಿ ಬಂದಿದ್ದಳು. "ನಿನ್ನ ಕಣ್ಣೇ ಹೋಗಿರೋವಾಗ ನಂದೇನು ಹೇಳೋದು?" ಅಂದಳು. ಆಮೇಲೆ ತೋಳಿನೊಳಗಿಂದಲೇ ಕೇಳಿದಳು. "ನೀನು ಒಂದು ಸಲ ಬೈಯಬಾರದಿತ್ತಾ?"

ಅವನ ಕೈಯಲ್ಲಿ ಇನ್ನೂ ನೊರೆ ಇತ್ತು. ಅದನ್ನು ಪಂಚೆಗೆ ಒರೆಸಿಕೊಂಡ.

"ಯಾತಕ್ಕೆ ಬೈಲಿ? ನಿನ್ನ ಕಾಲು ಬ್ರೇಕಿನ ಮೇಲಿತ್ತು. ಕುರ್ಚಿ ಅಳೆಯೋಕೆ ತಂದಿದ್ದ ಟೇಪು ಕೆಳಗೆ ಬಿದ್ದಿತ್ತು, ಹುಡುಕೋಕೆ ಬಗ್ಗಿದ್ದೆ. ಆಗ ನೋಡ್ದೆ. ಬರಿಗಾಲು. ಹೆಬ್ಬೆರಳು ಒತ್ತಿ ಬೆಳ್ಳಗಾಗಿತ್ತು." ಅಂಗೈ ಮತ್ತೊಮ್ಮೆ ಒರೆಸಿಕೊಂಡು, "ಎರಡೂ ಕಣ್ಣಲ್ಲಿ ನಾನು ಕೊನೇದಾಗಿ ನೋಡಿದ್ದು ಅದೇ," ಅಂದ.

ಅವಳು ತೋಳು ಇಳಿಸಿ ಅವನನ್ನು ನೋಡಿದಳು.

"ಮತ್ತೆ ಹೇಳಲೇ ಇಲ್ಲ?"

"ನಿಂಗೆ ಗೊತ್ತಿಲ್ವಾ, ನಿನ್ನ ಕಾಲು ಎಲ್ಲಿತ್ತು ಅಂತ? ನಾನು ಬೇರೆ ಏನೋ ಅಂದ್ಕೊಂಡಿದ್ದೆ. ಈ ಮುಖ ನೋಡೋಕಾಗ್ದೆ ದೂರ ದೂರ ಓಡಾಡ್ತೀಯ ಅಂತ."

ಅತ್ತೆ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದಾಗ ಮಗ ಸೊಸೆ ಇಬ್ಬರೂ ಅಡುಗೆಮನೆಯ ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಕೂರೋಕೆ ಈ ಮನೇಲಿ ಕುರ್ಚಿಗೆ ಬರವಾ ಅಂತ ಗೊಣಗಿ, ಟೀಗೆ ನೀರಿಟ್ಟರು.

ಎರಡನೇ ಸಲ ವಕೀಲೆಯ ಮುಂದೆ ಮಾತಾಡಿದವನು ಗಂಡ. ನನ್ನ ಹೆಂಡತಿ ಅಜಾಗ್ರತೆಯಿಂದ ಓಡಿಸಿದಳು ಅಂತ ನಾನು ಸಹಿ ಹಾಕೋದಿಲ್ಲ, ಅದು ಸುಳ್ಳು, ಎಷ್ಟು ವರ್ಷ ಆದರೂ ಆಗಲಿ ಅಂದ. ವಕೀಲೆ ಆಗ ಪೆನ್ನು ಎತ್ತಿಕೊಂಡಳು. ಕಾರನ್ನು ರಿಪೇರಿಗೆ ಕೊಡಬೇಡಿ, ಗುಜರಿಗೂ ಹಾಕಬೇಡಿ, ಅದೇ ನಮ್ಮ ದೊಡ್ಡ ಸಾಕ್ಷಿ ಅಂತ ಎಚ್ಚರಿಸಿದಳು. ಡಾಕ್ಟರು ಕಣ್ಣಿನಿಂದ ತೆಗೆದ ಚೂರು ಆಸ್ಪತ್ರೆಯಲ್ಲೇ ಇತ್ತು, ಅದನ್ನೂ ತರಿಸಿದಳು.

ದಾರಿ ಅವಳು ಎಚ್ಚರಿಸಿದಂತೆಯೇ ಉದ್ದವಿತ್ತು. ಕಂಪನಿಯ ಪರ ಬಂದವನು ಎತ್ತರದ, ಬಹಳ ವಿನಯದ ಮನುಷ್ಯ. ಕಟಕಟೆಯಲ್ಲಿ ನಿಂತ ಟೀಚರಿಗೆ ಅವನು ಮೊದಲು ನೀರು ಬೇಕಾ ಅಂತ ಕೇಳಿದ. ಆಮೇಲೆ, "ನೀವು ಕಲಿಸೋರು. ಸರಿಯಾಗಿ ಬ್ರೇಕ್ ಹಾಕಿದ್ರೆ ಗಾಡಿ ನಿಲ್ಲಬೇಕಲ್ವಾ?" ಅಂದ.

ಅವಳು ಅವನ ಮುಖ ನೋಡಿಯೇ ಹೇಳಿದಳು.

"ನಿಲ್ತು ಸರ್. ಕಂಬಕ್ಕೆ ತಾಗಿ ನಿಲ್ತು. ದೀಪದ ಗಾಜು ಹಾಗೇ ಇದೆ, ನೀವೇ ಫೋಟೋ ನೋಡಿದೀರಿ. ಗಾಜಿಗೆ ಏನೂ ಆಗದ ಏಟಿಗೆ ಮನುಷ್ಯನ ಕಣ್ಣು ಯಾಕೆ ಹೋಯ್ತು ಅಂತ ನಾನೂ ಕೇಳ್ತಿದೀನಿ."

ಈ ನಡುವೆ ಗಂಡನಿಗೆ ಕೃತಕ ಕಣ್ಣು ಬಂತು. ಅತ್ತೆ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಇದರಲ್ಲಿ ಮೊದಲಿಗಿಂತ ಸಾಧು ಕಾಣ್ತೀಯ ಅಂದರು. ಬಲೂನುಗಳು ಒಡೆಯುವುದು ಕಡಿಮೆಯಾದ ಮೇಲೆ ಮೊದಲ ಗಡ್ಡಕ್ಕೆ ಕೆನ್ನೆ ಕೊಟ್ಟವನು ಎದುರಿನ ಸೈಕಲ್ ಅಂಗಡಿಯವನು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕೂತಿದ್ದನಂತೆ, ಗಾಯವಿಲ್ಲದೆ ಎದ್ದನಂತೆ. ಟೀಚರ್ ನಿಂತ ಸ್ಕೂಲ್ ಕಾರಿನೊಳಗೆ ಕೂತು ಏಳುವುದರಿಂದ ಶುರುಮಾಡಿ, ಖಾಲಿ ಮೈದಾನ, ಓಣಿ ಅನ್ನುತ್ತ ಪೇಟೆಗೆ ಮರಳಿದಳು. ತನಗೆ ತಾನೇ ಹೊಸಬಳಿಗೆ ಹೇಳಿಕೊಡುವ ಹಾಗೆ ಕಲಿಸಿಕೊಂಡಳು. ಈಗ ಅವಳ ಹತ್ತಿರ ಕಲಿಯಲು ಬಂದವರಿಗೆ ಮೊದಲ ಪಾಠ ಸ್ಟೇರಿಂಗ್ ಅಲ್ಲ. ಮನೆಯಲ್ಲಿ ಕಾರಿದ್ದರೆ ಅದರ ನಂಬರು ಕೊಟ್ಟು, ವಾಪಸ್ ಕರೆದಿದ್ದಾರಾ ಅಂತ ಕಂಪನಿಗೆ ಕೇಳಿಕೊಂಡು ಬರಬೇಕು. ಕೇಳದೆ ಬಂದವರನ್ನು ಅವಳು ಕೀಲಿ ಕೊಡದೆ ಕಳಿಸುತ್ತಿದ್ದಳು.

ಕೊನೆಗೆ ತೀರ್ಪು ಇವರ ಕಡೆ ಆಯಿತು. ಎಂದೋ ಯಾರಿಗೋ ತಿಳಿಸಿದ್ದೆವು ಅನ್ನುವುದು ಸಾಲದು, ಕಾರು ಈಗ ಯಾರ ಹತ್ತಿರ ಇದೆ ಅಂತ ಹುಡುಕಬೇಕಿತ್ತು ಅಂದಿತು ಕೋರ್ಟು. ಓಡಿಸುವವಳ ಅಜಾಗ್ರತೆಗೆ ಆಧಾರವಿಲ್ಲ ಅಂತಲೂ ಓದಿ ಹೇಳಿತು. ಕಂಪನಿ ಮೇಲಿನ ಕೋರ್ಟಿಗೆ ಹೋಗುವುದು ಖಂಡಿತ ಅಂತ ವಕೀಲೆ ಮೆಟ್ಟಿಲ ಮೇಲೇ ತಿಳಿಸಿದಳು. ಆ ಹೊತ್ತಿಗೂ ಅವಳಿಗೆ ನೆಗಡಿಯಿತ್ತು.

ಸ್ಕೂಲಿನ ಕಾರಿನಲ್ಲೇ ಬಂದಿದ್ದರು. ಅತ್ತೆ ಹಿಂದೆ ಕೂತು, ಗೆದ್ದೆವೋ ಇಲ್ಲವೋ ಒಂದು ಮಾತು ಸರಿಯಾಗಿ ಹೇಳಿ ಅಂತ ಕೇಳಿ, ಉತ್ತರ ಬರುವಷ್ಟರಲ್ಲಿ ನಿದ್ದೆಹೋದರು. ಕಲಿಸುವ ಕಾರಾದ್ದರಿಂದ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇತ್ತು. ಟೀಚರ್ ಚಪ್ಪಲಿ ಕಳಚಿ, ಕನ್ನಡಿ ಸರಿಮಾಡಿ, ಗಾಡಿ ಹೊರತೆಗೆದಳು. ಗಂಡ ತನ್ನ ಕಾಲ ಬಳಿ ಇದ್ದ ಬ್ರೇಕನ್ನು ಒಮ್ಮೆ ಬಗ್ಗಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.