ಯಂತ್ರಕ್ಕೆ ದಿನ ಹೇಳುವವನು

ಶ್ರೀಪಾಲನು ಹೆಣದ ಕಾಲುಗಳನ್ನು ಸುತ್ತುಹಾಕಿ ಮೂಲೆಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದನು. ಯಂತ್ರ ಗುರ್ರೆಂದು ಎಚ್ಚರಗೊಂಡಿತು. ಚಾಪೆಯ ಮೇಲೆ ಮಲಗಿಸಿದ್ದ ಜೋತಿಬಾನ ಮುಖದ ಮೇಲೆ ಅದರ ನೀಲಿ ಬೆಳಕು ಬಿದ್ದಿತು.

“ಸತ್ತ ದಿನಾ ಹೆಂಗೈತಿ ಅಂತ ಮೊಬೈಲಿನಾಗ ನೋಡಿದರ ಆಗೂದಿಲ್ಲೇನ್ರಿ?” ಎಂದು ಪಕ್ಕದ ಮನೆಯವನಾದ ಶ್ರೀಪಾಲ ಕೇಳಿದನು.

“ಈ ಓಣ್ಯಾಗಿನ ಮದಿವಿ, ತೊಟ್ಟಲ, ವಾಸ್ತು ಎಲ್ಲಾ ನನ್ನ ತಮ್ಮನ ಪಂಚಾಂಗದ ಮ್ಯಾಲ ಆಗ್ಯಾವು. ಅವನ ಸಾವಷ್ಟ ಬ್ಯಾರೆ ಕಡೆ ನೋಡೂದೇನು?” ಎಂದನು ಕೇದಾರಿ. ಜೋತಿಬಾನ ಅಣ್ಣನಾದ ಅವನು ಗಡಹಿಂಗ್ಲಜದ ಕಡೆ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ, ಸಿಕ್ಕ ಗಾಡಿ ಹಿಡಿದು ಇಚಲಕರಂಜಿಗೆ ಬಂದಿದ್ದನು. ಹೆಗಲ ಕಂಬಳಿಯನ್ನು ಇನ್ನೂ ಇಳಿಸಿರಲಿಲ್ಲ.

ಪರದೆಯ ಮೇಲೆ ಪಂಚಾಂಗ ತಾನಾಗಿ ತೆರೆದುಕೊಂಡಿತು. ನಟ್ಟನಡುವೆ ಕೆಂಪು ಅಕ್ಷರ: ಪಂಚಕ.

ಹೊರಗೆ ಓಣಿಯ ವಿದ್ಯುತ್ ಮಗ್ಗಗಳು ಖಟಖಟ ಬಡಿಯುತ್ತಲೇ ಇದ್ದವು. ಪಂಚಕದ ಐದು ದಿನಗಳಲ್ಲಿ ಸತ್ತವರು ಇನ್ನೂ ಐವರನ್ನು ಕರೆಯುತ್ತಾರೆಂಬುದು ಅಲ್ಲಿಯವರ ನಂಬಿಕೆ. ಆ ಐವರ ಬದಲಿಗೆ ಹಿಟ್ಟಿನ ಐದು ಗೊಂಬೆಗಳನ್ನು ಹೆಣದೊಡನೆ ಕಳಿಸಬೇಕು. ಬಸುರಿಯಂತೂ ಆ ಹೊಸ್ತಿಲು ತುಳಿಯಬಾರದು. ಜೋತಿಬಾನ ಒಬ್ಬಳೇ ಮಗಳು ಮೋನಾಲಿ ಏಳು ತಿಂಗಳ ಬಸುರಿ. ಗಂಡನ ಊರಾದ ನೇಸರಿಯಿಂದ ಹೊರಟ ಅವಳ ಬಸ್ಸು ಕಬ್ಬಿನ ಟ್ರಾಲಿಗಳ ಹಿಂದೆ ಸಿಕ್ಕಿಕೊಂಡಿದೆಯೆಂದು ಆಗಷ್ಟೇ ಫೋನು ಬಂದಿತ್ತು.

“ಮೋನಾಲಿ ಬಂದರ ನಿಮ್ಮ ಮನ್ಯಾಗ ಕುಂದ್ರಸ್ರಿ, ಶ್ರೀಪಾಲ. ನಾವು ಲಗೂನ ಹೆಣಾ ಎತ್ತೂಣು,” ಎಂದನು ಕೇದಾರಿ.

“ಗೊಂಬಿಗೆ ಜ್ವಾಳದ ಹಿಟ್ಟ ನಡೀತೈತ್ಯೋ, ಗೋದೀದ ಬೇಕೋ?” ಎದುರುಮನೆಯ ಹಾಲವ್ವ ಆಗಲೇ ಹಿಟ್ಟು ಕಲಸುವ ಪರಾತ ಎಳೆದುಕೊಂಡಿದ್ದಳು.

“ಯಾವದರ ಕಲಸವ್ವಾ. ತಿನ್ನಾವರು ಯಾರು?” ಎಂದನು ಕೇದಾರಿ.

ಗಂಡನ ತಲೆಯ ಬಳಿ ಬೆಳಗಿನಿಂದ ಕುಳಿತಿದ್ದ ಧೊಂಡುಬಾಯಿ ಆಗ ಮೊದಲ ಸಲ ತಲೆಯೆತ್ತಿ ಪರದೆಯ ಕಡೆ ನೋಡಿದಳು.

*

ಮೂವತ್ತು ವರ್ಷ ಜೋತಿಬಾ ಮಗ್ಗ ರಿಪೇರಿ ಮಾಡಿದವನು. ಸದ್ದು ಕೇಳಿಯೇ ಯಾವ ಮಗ್ಗದ ಯಾವ ಹಲ್ಲು ಸವೆದಿದೆಯೆಂದು ಹೇಳುತ್ತಿದ್ದನು. ಕಾರ್ಖಾನೆ ಮುಚ್ಚಿದ ಮೇಲೆ, ಕೊಲ್ಹಾಪುರದಲ್ಲಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದನು. ಅದರಲ್ಲಿ ಪಂಚಾಂಗ ಹಾಕಿಸಿ ಓಣಿಯವರಿಗೆ ಒಳ್ಳೆಯ ದಿನ ನೋಡಿಕೊಡತೊಡಗಿದನು. ಅದಕ್ಕೊಂದು ರೋಗವಿತ್ತು. ಆರಿಸಿ ಹಚ್ಚಿದಾಗಲೆಲ್ಲ ಅದು ಎರಡು ಸಾವಿರದ ಒಂಬತ್ತನೆಯ ಇಸವಿಯ ಜನವರಿ ಒಂದಕ್ಕೆ ಹಿಂದಿರುಗುತ್ತಿತ್ತು. ಆ ದಿನ ಪಂಚಕ.

ಹಾತಕಣಂಗಲೆಯ ಒಬ್ಬ ರಿಪೇರಿಯವನು ಅದನ್ನು ಬಿಚ್ಚಿ, ಅಂಗಿಯ ಗುಂಡಿಯಷ್ಟಿದ್ದ ಒಂದು ಸೆಲ್ ತೋರಿಸಿದನು. ಅದು ಸತ್ತಿದೆ, ಆದ್ದರಿಂದಲೇ ಯಂತ್ರ ದಿನ ಮರೆಯುತ್ತಿದೆ, ಬದಲಿಸಿದರೆ ತೀರಿತು ಎಂದನು. ಜೋತಿಬಾ ಬದಲಿಸದೆ ಮರಳಿದನು.

“ಯಾಕ ಹಾಕಸಲಿಲ್ರಿ?” ಎಂದಳು ಧೊಂಡುಬಾಯಿ.

“ಹಾಕಿಸಿದರ ಅದಕ್ಕ ದಿನಾ ತಾನ ತಿಳೀತೈತಿ. ಆಮ್ಯಾಲ ಮುಂಜಾನೆದ್ದ ನನಗೇನ ಕೆಲಸ?”

ಅಂದಿನಿಂದ ದಿನವೂ ಕೈಗಡಿಯಾರಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು ಆಲಿಸಿ, ಅವನು ಯಂತ್ರದ ಮುಂದೆ ಕೂರುವನು. “ನೋಡ, ಮತ್ತ ಪಂಚಕದಾಗ ಎದ್ದೈತಿ. ಹೊರಗ ಬಾರಪಾ,” ಎಂದು ಬಾಣದ ಗುಂಡಿ ಒತ್ತುವನು. ಜ್ವರ ಬಂದ ದಿನಗಳಲ್ಲಿ ಮಲಗಿದಲ್ಲಿಂದಲೇ ಹೇಳಿಕೊಟ್ಟು ಹೆಂಡತಿಯಿಂದ ಒತ್ತಿಸುವನು. ಅವಳಿಗೆ ಅಕ್ಷರ ಬಾರದು. ಆದರೆ ಮಗ್ಗಕ್ಕೆ ನೂಲು ಸುತ್ತಿ ಎಣಿಸಿದವಳಿಗೆ ಅಂಕಿಗಳು ಗೊತ್ತು.

*

“ಬಂದಳು!” ಎಂದು ಹೊರಗಿನವರು ಕೂಗಿದರು.

ಕೇದಾರಿ ಬಾಗಿಲಿಗೆ ಅಡ್ಡನಿಂತನು. ಮೋನಾಲಿ ಏದುಸಿರು ಬಿಡುತ್ತಿದ್ದಳು.

“ಸರೀರಿ ದೊಡ್ಡಪ್ಪ. ನಮ್ಮಪ್ಪನ ಮಾರಿ ನೋಡಬೇಕು.”

“ಹೊಟ್ಟ್ಯಾಗಿನ ಕೂಸಿನ ಮಾರಿ ನೋಡಬೇಕೋ ಬ್ಯಾಡೋ?”

ಅವಳು ಚೌಕಟ್ಟು ಹಿಡಿದು ನಿಂತುಬಿಟ್ಟಳು. ಒಳಗೆ ಧೊಂಡುಬಾಯಿ ಎದ್ದಳು. ಹೆಂಗಸರು ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ.

“ಅದಕ್ಕ ಇವತ್ತ ಯಾರೂ ದಿನಾ ಹೇಳಿಲ್ಲ,” ಎಂದಳು.

“ಯಾವದಕ್ಕ?”

“ಯಂತ್ರಕ್ಕ. ಹೇಳಾವ ನಸುಕಿನ್ಯಾಗ ಹೋದ.”

ಶ್ರೀಪಾಲ ಬಗ್ಗಿ ಪರದೆಯ ಕೆಳಮೂಲೆಗೆ ಕಣ್ಣು ಹಚ್ಚಿದನು. “ಅಯ್ಯಯ್ಯ! ಇದರಾಗ ಎರಡ ಸಾವಿರದ ಒಂಬತ್ತನೇ ಇಸವಿ ಐತಲ್ರೀ!”

“ಇಸವಿ ಯಾವದಾದರೇನು? ಪಂಚಕ ಅಂದರ ಪಂಚಕ,” ಎಂದನು ಕೇದಾರಿ.

“ಭಾವಾ, ಆ ಇಸವ್ಯಾಗ ನಿಮ್ಮ ತಮ್ಮ ಜೀವಂತ ಇದ್ದ.”

ಧೊಂಡುಬಾಯಿ ಗಂಡನ ಮಣಿಕಟ್ಟಿನ ಗಡಿಯಾರ ಬಿಚ್ಚಿಕೊಂಡು ಅವನ ಕುರ್ಚಿಯಲ್ಲಿ ಕುಳಿತಳು. ಬಾಣದ ಗುಂಡಿಯನ್ನು ಒತ್ತಿ ಹಿಡಿದಳು. ಇಸವಿಗಳು ಒಂದರ ಮೇಲೊಂದು ಬಿದ್ದು ಓಡಿದವು. ಇಪ್ಪತ್ನಾಲ್ಕಕ್ಕೆ ಬೆರಳೆತ್ತಿದಳು. ಹನ್ನೊಂದನೆಯ ತಿಂಗಳು, ಇಪ್ಪತ್ತೊಂದನೆಯ ತಾರೀಖು. ಗಡಿಯಾರ ನೋಡಿ ಗಂಟೆಯನ್ನೂ ನಿಮಿಷವನ್ನೂ ಕೂರಿಸಿದಳು. ಪಂಚಾಂಗವನ್ನು ಮುಚ್ಚಿ ತೆರೆದಾಗ ಕೆಂಪು ಅಕ್ಷರ ಇರಲಿಲ್ಲ.

“ಗುರುವಾರ, ಪುಷ್ಯ ನಕ್ಷತ್ರ,” ಎಂದು ಶ್ರೀಪಾಲ ಓದಿದನು. “ಪಂಚಕ ಇಲ್ರೀ.”

ಕೇದಾರಿ ಪಕ್ಕಕ್ಕೆ ಸರಿದನು. ಮೋನಾಲಿ ಒಳಬಂದು, ಭಾರವಾಗಿ ಕುಳಿತು, ತಂದೆಯ ಮುಖವನ್ನು ಎರಡೂ ಅಂಗೈಗಳಲ್ಲಿ ಹಿಡಿದಳು. ಮೂರು ಗೊಂಬೆ ಮುಗಿಸಿದ್ದ ಹಾಲವ್ವ ಅವನ್ನು ಸದ್ದಿಲ್ಲದೆ ಹಿಟ್ಟಿನ ಮುದ್ದೆಗೆ ಸೇರಿಸಿ ನಾದಿದಳು.

*

ಆಮೇಲಿನದನ್ನು ಹೇಳುವವರಲ್ಲಿ ಒಂದು ಭೇದವಿದೆ. ಹೆಣ ಹೊತ್ತ ಸಿದಿಗೆ ಓಣಿಯ ತಿರುವು ಮುಟ್ಟಿದಾಗ ಕರೆಂಟು ಹೋಯಿತೆಂದು ಶ್ರೀಪಾಲ ಹೇಳುತ್ತಾನೆ. ಇಲ್ಲ, ಹೊಸ್ತಿಲು ದಾಟುವಾಗಲೇ ಹೋಯಿತೆಂಬುದು ಹಾಲವ್ವನ ಮಾತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವೆಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ.

ಗಂಡಸರು ಮಸಣದಿಂದ ಮರಳುವ ಮೊದಲು ಕರೆಂಟು ಬಂದಿತು. ಮಗ್ಗಗಳು ಬಡಿಯತೊಡಗಿದವು. ಹೆಣ ಎತ್ತಿದ ಕೋಣೆಯಲ್ಲಿ ಯಂತ್ರವೂ, ತನ್ನ ರೂಢಿಯಂತೆ, ತಾನಾಗಿ ಗುರ್ರೆಂದು ಎದ್ದಿತು.

“ಅಯ್ಯ ಶಿವನ, ಮತ್ತ ಪಂಚಕ ಬಂತು!” ಎಂದು ಹಾಲವ್ವ ಹಿಟ್ಟಿನ ಪರಾತಕ್ಕೆ ಕೈ ಹಾಕಿದಳು.

ಮೋನಾಲಿ ಯಂತ್ರದ ಕಡೆ ಕೈ ಚಾಚಿದಳು. “ಅವ್ವಾ, ಆರಿಸಿಬಿಡ್ಲ್ಯಾ?”

“ಬ್ಯಾಡ.”

ಧೊಂಡುಬಾಯಿ ಗಡಿಯಾರಕ್ಕೆ ಕೀಲಿ ಕೊಟ್ಟಳು. ಎಡಗೈಯಿಂದ ಅದನ್ನು ಕಿವಿಗೆ ಒತ್ತಿ ಹಿಡಿದು ಕುರ್ಚಿಯಲ್ಲಿ ಕುಳಿತಳು. ಈ ಸಲ ಅವಸರ ಮಾಡಲಿಲ್ಲ. ಕೆಂಪು ಅಕ್ಷರದ ಬೆಳಕಿನಲ್ಲಿ ಅವಳ ಬಲಗೈ ಬೆರಳು ಬಾಣದ ಗುಂಡಿಯ ಮೇಲೆ ಒಂದೊಂದು ಇಸವಿಗೆ ಒಂದೊಂದೇ ಸಲ ಇಳಿಯಿತು. ಹತ್ತು. ಹನ್ನೊಂದು. ಹನ್ನೆರಡು.