ಎರಡು ಬೇವಿನ ಗಿಡದ ಹೊಲ

"ತಗೋ, ಇನ್ನೊಂದು ರೊಟ್ಟಿ ತಗೋ. ಗದಗಿಂದ ಗಾಡಿ ಹೊಡಕೊಂಡು ಬಂದೀದಿ," ಎನ್ನುತ್ತ ಹೊಲದ ಬೇವಿನ ನೆರಳಿನಲ್ಲಿ ಕೂತ ಹನಮಂತವ್ವ ಕಳಕೇಶನ ಕೈಯಲ್ಲಿದ್ದ ರೊಟ್ಟಿಯ ಮೇಲೆ ಮತ್ತೊಂದು ಹಾಕಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ಬಡಿಸುತ್ತಲೇ ಬಯ್ಯತೊಡಗಿದಳು. "ಯಾವ ಭಾಡ್ಯಾ ಈ ಜಾಗಾ ಹೇಳ್ಯಾನೋ ಏನೋ, ಅವನ ನಾಲಿಗಿಗೆ ಹುಳಾ ಬೀಳ್ಲಿ! ಐತವಾರ ಬಂದ ಕಾರು ಒಂದು ಜೋಡಿ ತತ್ತಿ ಮ್ಯಾಲ ಹಾದು ಹೋತು. ಹಕ್ಕಿ ಸಂಜೀತನಾ ಅಲ್ಲೇ ಸುತ್ತು ಹಾಕಿತು. ನನಗಂತೂ ನೋಡಾಕ ಆಗ್ಲಿಲ್ಲಪಾ."

ಕಳಕೇಶ ತಲೆ ಎತ್ತಲಿಲ್ಲ. ಹೇಳಿದ ಭಾಡ್ಯಾ ಅವನೇ. ಅದನ್ನು ಒಪ್ಪಿಕೊಂಡುಬಿಡಬೇಕೆಂದೇ ಅಂಗಡಿಯ ರಜೆಯ ದಿನ ನೋಡಿ ಬಂದಿದ್ದ. ಬಂದವನ ಮುಂದೆ ಮಾತಿಗಿಂತ ಮೊದಲು ರೊಟ್ಟಿ ಬಂತು. ಇನ್ನು ಬಾಯಿ ಬಿಡುವುದಾದರೂ ಹೇಗೆ?

ಬಾಯಿ ಬಿಡುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಬೆಟಗೇರಿಯ ನೇಕಾರರ ಮನೆಯವನು. ಅಪ್ಪ ಮಗ್ಗದ ಮುಂದೆ ಕೂತರೆ ಇಡೀ ದಿನ ನಾಲ್ಕು ಮಾತು ಆಡಿದರೆ ಹೆಚ್ಚು; ಮಗ ಆ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಿದ್ದ. ಗದಗಿನ ಜವಳಿ ಅಂಗಡಿಯಲ್ಲಿ ಅವನು ಸೀರೆಯ ಸೆರಗು ಬಿಚ್ಚಿ ಮಾತು ಶುರು ಮಾಡಿದನೆಂದರೆ, ಕುಪ್ಪಸದ ಖಣಕ್ಕೆಂದು ಬಂದವರು ಎರಡು ಸೀರೆ ಹಿಡಿದುಕೊಂಡು ಹೋಗುತ್ತಿದ್ದರು. ದನಿ ದಪ್ಪ, ತುಸು ಗೊಗ್ಗರು. ಒಮ್ಮೆ ಕೇಳಿದವರು ಮರೆಯುವ ದನಿಯಲ್ಲ.

ರಜೆ ಸಿಕ್ಕರೆ ಮಾತ್ರ ಹಕ್ಕಿಯ ಬೆನ್ನು ಹತ್ತಿ ಸುಮ್ಮನಿರುತ್ತಿದ್ದ. ಹಾಗೆ ಹೋದ ವರ್ಷ ಶಿರಹಟ್ಟಿ ದಾಟಿ, ಕಪ್ಪತಗುಡ್ಡದ ಮಗ್ಗುಲಿಗೆ ಬಂದಾಗ ಗಾಡಿ ಪಂಕ್ಚರ್ ಆಗಿ ಈ ಹೊಲದ ಬದುವಿನಲ್ಲಿ ನಿಂತಿತ್ತು. ನೀರು ಕೊಟ್ಟ ಹನಮಂತವ್ವ ಅವನ ಕೊರಳಲ್ಲಿದ್ದ ದುರ್ಬೀನು ನೋಡಿ ನಕ್ಕು, ಬೀಳು ಬಿಟ್ಟ ಗರಸು ನೆಲದತ್ತ ಕೈ ತೋರಿಸಿದ್ದಳು. ಮಣ್ಣಿನ ಬಣ್ಣದ ಹಕ್ಕಿ, ಉದ್ದ ಕಾಲು, ಕಣ್ಣಿನ ಮೇಲೆ ಬಿಳಿ ಗೆರೆ, ಕೆಳಗೆ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ತುಸು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅವಳು ಅದನ್ನು ಓಡುಹಕ್ಕಿ ಎನ್ನುತ್ತಿದ್ದಳು. ಕಳಕೇಶ ವರ್ಷಗಟ್ಟಲೆ ಹುಡುಕಿದ್ದ ಹಕ್ಕಿ ಅದು. ಗೂಡು ಗೀಡು ಏನಿಲ್ಲ, ಬರಿ ನೆಲದ ಮೇಲೆ ತತ್ತಿ.

"ಯಾರ ಮುಂದೂ ಆಡಬ್ಯಾಡ. ಬಲೆ ಹಾಕಾವ್ರು ಬಂದು ಕೌಜುಗಾ ಎಲ್ಲಾ ಬಳಕೊಂಡು ಹೋದ್ರು," ಎಂದು ಅವಳು ಅವತ್ತು ಅವನಿಂದ ರೊಟ್ಟಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು.

ಅವನು ಆಣೆ ಮುರಿದದ್ದು ದುಡ್ಡಿಗಲ್ಲ. ಊರಿನ ರೇಡಿಯೋದವರು ಗದಗಿನ ಸುತ್ತ ಹಕ್ಕಿ ನೋಡಲು ಒಳ್ಳೆಯ ಜಾಗ ಯಾವುವು ಎಂದು ಕೇಳಲು ಅವನನ್ನು ಕರೆದಿದ್ದರು. ಚಳಿಗಾಲದ ಹೆಬ್ಬಾತುಗಳಿಗೆ ಮಾಗಡಿ ಕೆರೆ ಎಂದ, ಲಕ್ಷ್ಮೇಶ್ವರದ ಕಡೆ ಶೆಟ್ಟಿಕೇರಿ ಎಂದ, ಸಿಂಗಟಾಲೂರಿನ ಹಿನ್ನೀರು ಎಂದ. ಎದುರಿನ ಹುಡುಗಿ, "ಇವೆಲ್ಲಾ ಎಲ್ಲಾರಿಗೂ ಗೊತ್ತು ಸರ್. ನಿಮಗೊಬ್ಬರಿಗೇ ಗೊತ್ತಿರೋದು ಒಂದು ಹೇಳ್ರಿ," ಎಂದಳು. ಅಂಗಡಿಯಲ್ಲಿ ಅವನನ್ನು ಯಾರೂ ಸರ್ ಎಂದವರಲ್ಲ. ದಾರಿ ಹೇಳಿದ, ಗುರುತಿಗೆ ಎರಡು ಬೇವಿನ ಗಿಡ ಹೇಳಿದ. ಅಲ್ಲಿಗೂ ಬಾಯಿ ನಿಲ್ಲದೆ, ತತ್ತಿ ಇಡುವ ಕಾಲ ಇದೇ ಎಂದೂ ಹೇಳಿದ.

ಬದುವಿನ ಆಚೆ ಬಿಳಿ ಕಾರೊಂದು ಬಂದು ನಿಂತಿತು.

"ಬಂದ್ರು ನೋಡು!" ಹನಮಂತವ್ವ ಎದ್ದಳು. "ಉಳದದ್ದು ಇದೊಂದು ಜೋಡಿ ತತ್ತಿ. ತಮ್ಮಾ, ನೀ ಅಂಗಡ್ಯಾಗ ನಾಕು ಮಂದಿಗೆ ಮಾತಾಡಾಂವಾ. ಇಲ್ಲಿ ಏನೂ ಇಲ್ಲ ಅಂತ ಹೇಳಿ ಕಳಸು. ನನ್ನ ಮಾತು ಇವರು ಕೇಳಂಗಿಲ್ಲ."

ಬಾಯಿ ತೆರೆದರೆ, ರೇಡಿಯೋದಲ್ಲಿ ಕೇಳಿದ ಈ ದನಿಯನ್ನು ಅವರು ಗುರುತಿಸದೆ ಇರುತ್ತಾರೆಯೇ? ಕಳಕೇಶ ಕೊರಳು ಮುಟ್ಟಿಕೊಂಡು, ಆಗದು ಎಂಬಂತೆ ಕೈಯಾಡಿಸಿದ.

"ಗಂಟ್ಲಾ ಕಟ್ಟೇತೇನು? ಈಗಿಂದೀಗ?" ಅವಳು ಬುತ್ತಿಯ ಗಂಟು ಬಿಚ್ಚಿ ಬೆಲ್ಲದ ಚೂರೊಂದನ್ನು ತೆಗೆದು ಅವನ ಕೈಗಿತ್ತಳು. "ಬಾಯಾಗ ಇಟಗೋ. ಮಾತಾಡಬ್ಯಾಡ, ನಾನs ನೋಡ್ತೀನಿ."

ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಬೆಲ್ಲವನ್ನು ಬಾಯಿಗಿಡದೆ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡ.

ಕಾರಿನಿಂದ ಗಂಡ ಹೆಂಡತಿ ಇಳಿದರು. ಗಂಡನ ಕೈಯಲ್ಲಿ ಮೊಳದುದ್ದದ ಕ್ಯಾಮೆರಾ. ಹನಮಂತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು.

"ಇಲ್ಲೇನೂ ಇಲ್ಲವಾ, ತಿರುಗಿ ಹೋಗ್ರಿ."

"ಇಲ್ಲ ಅಂದ್ರ ಹೆಂಗಮ್ಮಾ? ಎರಡು ಬೇವಿನ ಗಿಡ ಅಂತ ರೇಡಿಯೋದಾಗ ಹೇಳ್ಯಾರಲ್ಲ," ಎಂದಳು ಹೆಂಡತಿ.

"ಯಾವಾಂವ್ರೀ ಅಂವಾ?"

"ಹೆಸರು ನೆನಪಿಲ್ಲ ನೋಡ್ರಿ. ಛಂದ ಮಾತಾಡಿದ್ರು."

ಹೆಂಗಸರಿಬ್ಬರ ಮಾತು ಏರುತ್ತಿದ್ದಾಗ ಗಂಡ ಪಕ್ಕಕ್ಕೆ ಸರಿದು ಹೊಲಕ್ಕೆ ಇಳಿದಿದ್ದ. ದೂರದಲ್ಲಿ ಹಕ್ಕಿ ಓಡಿತು, ನಿಂತಿತು. ಅವನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಅದನ್ನೂ ಹಿಂದಿನ ಗುಡ್ಡವನ್ನೂ ಒಂದೇ ಚೌಕಟ್ಟಿನೊಳಗೆ ತರಲು ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದ. ಹನಮಂತವ್ವನ ಬೆನ್ನು ಅತ್ತ ಇತ್ತು. ಕಳಕೇಶನಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಆ ಮನುಷ್ಯನ ಬೆನ್ನ ಹಿಂದೊಂದು ಗುಂಡುಕಲ್ಲು; ಅದರ ಎಡಕ್ಕೆ, ಗರಸಿನ ಬಣ್ಣವೇ ಬಳಿದುಕೊಂಡ ತತ್ತಿಗಳು. ಆ ಮನುಷ್ಯ ತಿರುಗಬಹುದು, ನಿಲ್ಲಬಹುದು ಎಂದು ಕಳಕೇಶ ಕಾದ. ಅಷ್ಟು ಕಾದದ್ದಕ್ಕೂ ಆಮೇಲೆ ಅವನಿಗೆ ನಾಚಿಕೆಯಾಯಿತು. ಆಸಾಮಿಯ ಹಿಮ್ಮಡಿ ಮತ್ತೆ ಮೇಲೆದ್ದಿತು.

"ನಿಂದರ್ರೀ! ಕಾಲು ಹಿಂದ ಇಡಬ್ಯಾಡ್ರಿ! ತತ್ತಿ ಅದಾವು ಅಲ್ಲಿ!"

ದಪ್ಪ ದನಿ ಬಯಲಿನ ಉದ್ದಕ್ಕೂ ಹೋಯಿತು. ಮನುಷ್ಯ ಒಂಟಿಗಾಲಿನಲ್ಲಿ ತೂರಾಡಿ, ಮುಂದಕ್ಕೆ ಕಾಲೂರಿ ನಿಂತ. ತತ್ತಿ ಉಳಿದವು.

ಹೆಂಡತಿಯ ಮುಖ ಅರಳಿತು. "ಅಯ್ಯ, ನೀವs ಅಲ್ರೀ ರೇಡಿಯೋದಾಗ ಮಾತಾಡಿದವ್ರು? ಅದs ದನಿ! ನಿಮ್ಮಿಂದನ ನಮಗ ಈ ಜಾಗ ಗೊತ್ತಾಗಿದ್ದು. ಭಾಳ ಉಪಕಾರ ಆತ್ರಿ!" ಎಂದು ಕೈ ಮುಗಿದಳು.

ಹನಮಂತವ್ವ ತಿರುಗಿ ನೋಡಿದಳು. ಬಯ್ದಿದ್ದರೆ ಕಳಕೇಶ ಬದುಕಿಕೊಳ್ಳುತ್ತಿದ್ದ. ಅವಳು ಬಯ್ಯಲಿಲ್ಲ.

"ದಯವಿಟ್ಟು ಹೋಗ್ರಿ. ನಾ ಹೇಳಬಾರದಿತ್ತು," ಎಂದ ಅವನು, ನೆಲ ನೋಡುತ್ತ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕಾರು ಹತ್ತಿದರು.

ಹನಮಂತವ್ವ ಬೇವಿನ ಬುಡಕ್ಕೆ ಬಂದು ಕೂತಳು. ಅವನು ಅರ್ಧ ತಿಂದಿಟ್ಟಿದ್ದ ರೊಟ್ಟಿಯನ್ನು ನೋಡಿದಳು. ಅದನ್ನು ಎತ್ತಿಡಲಿಲ್ಲ, ಚೆಲ್ಲಲೂ ಇಲ್ಲ. ಉಳಿದ ರೊಟ್ಟಿಗಳನ್ನು ಮಾತ್ರ ಅರಿವೆಯಲ್ಲಿ ಸುತ್ತಿ ಗಂಟು ಹಾಕಿದಳು.

"ಗಂಟ್ಲಾ ಆರಾಮಾತೇನ್ರಿ?" ಎಂದಳು.

ಆ 'ರಿ' ಅವಳು ಅವನಿಗೆ ಹಚ್ಚಿದ್ದು ಅದೇ ಮೊದಲು. ಕಳಕೇಶ ಬಾಯಿ ತೆರೆದ. ಈ ಸಲ ದನಿ ನಿಜವಾಗಿಯೂ ಹೊರಡಲಿಲ್ಲ.

ಅವಳು ಕಣ್ಣಿಗೆ ಕೈ ಮರೆ ಮಾಡಿ ಹೊಲದತ್ತ ನೋಡತೊಡಗಿದಳು. ಹಕ್ಕಿ ತುಸು ಓಡಿತು, ನಿಂತಿತು, ಮತ್ತೆ ಓಡಿತು. ಗುಂಡುಕಲ್ಲಿನ ಎಡಕ್ಕೆ ಬಂದು, ಕೂರದೆ, ತತ್ತಿಗಳ ಮೇಲೆ ತನ್ನ ನೆರಳು ಬೀಳುವಂತೆ ರೆಕ್ಕೆ ಅಗಲಿಸಿ ನಿಂತುಕೊಂಡಿತು. ಬೇವಿನ ನೆರಳಿನಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಕಳಕೇಶ ಬಿಸಿಲಲ್ಲೇ ನಿಂತಿದ್ದ. ಮುಚ್ಚಿದ ಮುಷ್ಟಿಯಲ್ಲಿ ಬೆಲ್ಲ ಕರಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು.